ಸೂಟು

ಸಂತೆಪೇಟೆಯ ಹಿಂದಿನ ಸೈಟಿನಲ್ಲಿ
ಸಿಮೆಂಟು ಮೂಟೆಯ ಮೇಲೆ ನಕ್ಷೆ ಹರಡಿ
ಹೊನ್ನೇಗೌಡರು ಕೇಳಿದರು:
"ಕಾಂಕ್ರೀಟಿನ ತಾಕತ್ತು ಇಪ್ಪತ್ತು ಅಂತ ನೀವೇ ಬರೆದಿದ್ದೀರಿ,
ಕಂಬದ ಲೆಕ್ಕಕ್ಕೆ ಎಂಟೇ ಹಿಡಿದಿದ್ದೀರಿ.
ಮಿಕ್ಕ ಹನ್ನೆರಡು ಯಾರಪ್ಪನ ಮನೆಗೆ ಹೋಯ್ತು?"

ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡೆ.
ಹೇಳಬಹುದಿತ್ತು:
ಲ್ಯಾಬಿನಲ್ಲಿ ಒಡೆದದ್ದು ಆರಿಂಚಿನ ಗಟ್ಟಿ,
ಇಪ್ಪತ್ತೆಂಟು ದಿನ ತೊಟ್ಟಿಯ ನೀರಲ್ಲಿ
ಬಾಣಂತಿಯ ಹಾಗೆ ಆರೈಕೆ ಕಂಡದ್ದು.
ಇಲ್ಲಿ ನಿಲ್ಲುವುದು ಹತ್ತಡಿಯ ಕಂಬ,
ಭಾನುವಾರ ಯಾರೂ ನೀರು ಹಾಕದ ಕಂಬ.
ಜಲ್ಲಿಯ ಜೊತೆ ಬಂದ ಮಣ್ಣು,
ಮಾಲು ಬಿಗಿಯಿತೆಂದು ಮಧ್ಯಾಹ್ನ
ಇನ್ನೊಂದು ಬಕೆಟ್ಟು ಸುರಿಯುವ ಕೈ,
ದಸ್ತಗಿರ್ ಕಟ್ಟಿದ ಕಂಬಿ
ಬೀಡಿ ಸೇದಿ ಬರುವಷ್ಟರಲ್ಲಿ ಅರ್ಧ ಇಂಚು ಆಚೆ.
ಭಾರವಾದರೂ ನಟ್ಟನಡುವೆ ಕೂರುತ್ತದೆಯೇ?
ಇಪ್ಪತ್ತು ಮಿಲಿಮೀಟರಾದರೂ ವಾರೆ ಎಂದು
ಕೋಡ್ ಪುಸ್ತಕವೇ ಒಪ್ಪಿಕೊಂಡಿದೆ.

ಹೇಳಲಿಲ್ಲ. ಕೇಳಿದೆ:
"ಮಂಡಿಯಲ್ಲಿ ಆಲೂಗಡ್ಡೆ ಚೀಲಕ್ಕೆ
ಸೂಟು ಎಷ್ಟು ಹಿಡೀತೀರಿ ಗೌಡ್ರೇ?"

"ಮಣ್ಣಿರ್ತದೆ, ಕೊಳೆತದ್ದಿರ್ತದೆ,
ಒಣಗಿದ್ರೆ ತೂಕ ಇಳೀತದೆ.
ಅದು ಬೇರೆ…"
ಅಂದವರು ಅಲ್ಲಿಗೇ ನಿಂತರು.

ಬೇರೆಯೇ, ಅಂದೆ.
ನಿಮ್ಮ ಸೂಟು ಸಂಜೆಗೆ ನಿಮ್ಮ ಗೋದಾಮು ಸೇರುತ್ತದೆ.
ಇದು ಯಾರ ಚೀಲಕ್ಕೂ ಬೀಳದೆ
ಕಂಬದೊಳಗೇ ಕತ್ತಲಲ್ಲಿ ಕೂತಿರುತ್ತದೆ.

ತೊಲೆ ಸಾಯುವ ಮುಂಚೆ
ನೆಂಟರಿಗೆಲ್ಲ ಹೇಳಿಕಳಿಸುತ್ತದೆ:
ಜೋಲುತ್ತದೆ, ಎಳೆ ಎಳೆಯಾಗಿ ಬಿರಿಯುತ್ತದೆ,
ಕೆಳಗಿನ ಬಾಗಿಲು ಹಾಕಲು ಬಾರದಂತಾಗುತ್ತದೆ.
ಕಂಬ ಬಾಯಿ ಬಿಡದ ಆಳು.
ನಿನ್ನೆಯವರೆಗೂ ಸುಮ್ಮನೆ ಹೊತ್ತು
ಇವತ್ತು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಇಲ್ಲ.
ಅಂಥವನು ಇಪ್ಪತ್ತು ಹೊರುತ್ತೇನೆಂದರೆ
ಎಂಟೇ ಹೊರಿಸಬೇಕು.

ಮೂರು ಅಂತಸ್ತು. ಕೆಳಗೆ ಗೊಬ್ಬರದಂಗಡಿ,
ನಡುವೆ ಹೊಲಿಗೆ ಕ್ಲಾಸು,
ಮೇಲೆ ಬಾಡಿಗೆಗೆ ಬರುವ, ನಾವು ಹೆಸರು ಕೇಳದ ಜನ.

"ನಲವತ್ತು ವರ್ಷ ಏನೂ ಆಗ್ಲಿಲ್ಲ ಅನ್ನಿ,"
ಗೌಡರು ಬಿಡಲಿಲ್ಲ,
"ಆ ಹನ್ನೆರಡು ದಂಡ ತಾನೆ?"
ಹೌದು, ಅಂದೆ.
ದಂಡವಾಗಲಿ ಅಂತಲೇ ಇಟ್ಟಿದ್ದು.

ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ.
ಹೆಗಲ ಟವೆಲು ಕೊಡವಿ
ವ್ಯಾಪಾರದ ಹಳೆ ರೂಢಿಯಂತೆ ಕೈಮೇಲೆ ಹೊದಿಸಿ
ನನ್ನ ಕೈಯನ್ನು ಒಳಗೆಳೆದುಕೊಂಡರು.
ಸುಣ್ಣದಷ್ಟು ಒರಟು ಅಂಗೈ.
ಎರಡು ಬೆರಳು ಒತ್ತಿದರು: ಹತ್ತು ಮಾಡಿ.

ನಾನು ಒಂದನ್ನು ಮಡಿಸಿದೆ.
ಸ್ವಲ್ಪ ತಡೆದು, ಇನ್ನೊಂದನ್ನೂ.