ಏಳನೆಯ ಪ್ರಶ್ನೆ

ಹೊರದೇಶದ ಪ್ರಶ್ನಾವಳಿ, ಇಪ್ಪತ್ತೆರಡು ವಾಕ್ಯ,
ಒಂದೊಂದರ ಮುಂದೆ ನಾಲ್ಕು ಖಾಲಿ ಚೌಕ:
ಎಂದೂ ಇಲ್ಲ, ಒಮ್ಮೊಮ್ಮೆ, ಬಹಳ ಸಲ, ಯಾವಾಗಲೂ.
ಓಡು, ಜಿಗಿ, ಹಿಡಿ ಅಂದಾಗ
ಮಗುವಿನ ತಲೆಯಲ್ಲಿ ತಿರುತಿರುಗಿ ಬರುವ ಚಿಂತೆಯನ್ನು
ಎಣಿಸಿ ಕೊಡುವ ಕಾಗದ.
ಕನ್ನಡಕ್ಕೆ ತರುವುದು ನನ್ನ ಪಾಲಿಗೆ ಬಂದ ಕೆಲಸ.

ಮೂರನೆಯದರಲ್ಲಿ ಹಿಮದ ಮೇಲೆ ಜಾರುವ ಆಟವಿತ್ತು.
ಟಿಕೋಟಾದ ಬಿಸಿಲಲ್ಲಿ ಕೂತು ಅದನ್ನು ಹೊಡೆದುಹಾಕಿ
ಖೋ ಖೋ ಎಂದು ಬರೆದೆ. ಸಲೀಸು.
ಒಂಬತ್ತರಲ್ಲಿ ಬಟ್ಟೆ ಬದಲಿಸುವ ಕೋಣೆ.
ಈ ಶಾಲೆಯಲ್ಲಿ ಅಂಥದ್ದಿಲ್ಲ;
ಬಿಸಿಯೂಟದ ಅಕ್ಕಿಚೀಲಗಳ ಮರೆಯಲ್ಲಿ
ಲಂಗದೊಳಗೇ ಪೈಜಾಮ ಏರಿಸಿಕೊಳ್ಳುತ್ತಾರೆ ಹುಡುಗಿಯರು,
ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ.
"ಅಕ್ಕಿಚೀಲದ ಮರೆ" ಎಂದು ಬರೆದೆ. ಅಳಿಸಿದೆ.
ಚಹಾ ಕುಡಿದು ಬಂದು ಮತ್ತೆ ಬರೆದೆ.

ಸಿಕ್ಕಿಬಿದ್ದದ್ದು ಏಳರಲ್ಲಿ.
ದನ ಮೇದದ್ದನ್ನು ಬಾಯಿಗೆ ತಂದು ಮತ್ತೆ ಅಗಿಯುತ್ತದಲ್ಲ,
ಆ ಪದವನ್ನೇ ಅವರು ಚಿಂತೆಗೆ ಇಟ್ಟಿದ್ದಾರೆ.
ನಮ್ಮಲ್ಲೂ ಉಂಟು ಅದು: ಮೆಲುಕು.
ಆದರೆ ನಾವು ಮೆಲುಕು ಹಾಕುವುದು ಸವಿಯನ್ನು,
ತವರಿನ ಪಂಚಮಿ, ಹಳೆಯ ಗೆಳತಿ, ಹೂರಣದ ಹೋಳಿಗೆ.
ಬಿದ್ದು ನಗೆಪಾಟಲಾದ ದಿನವನ್ನು
ಯಾವ ಹಸು ನೆರಳಲ್ಲಿ ಮಲಗಿ
ಕಣ್ಣು ಮುಚ್ಚಿ ಅಗಿದೀತು?

ಕೊರಗು ಎಂದರೆ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ.
ಗುಂಗು ಎಂದರೆ ಯಾರನ್ನೋ ಪ್ರೀತಿಸಿದ ಹಾಗೆ.
ಚಿಂತನೆ ಎಂದರೆ ಬೆಳಗಿನ ರೇಡಿಯೋ.
ನಿಘಂಟು ಮುಚ್ಚಿ ಐದನೆಯ ಇಯತ್ತೆಗೆ ಹೋದೆ.

"ಆಟದ ಪಿರಿಯಡ್ ಬಂತಂದ್ರ ತಲ್ಯಾಗ ಏನಾಗ್ತದ?"
ಲಾಡ್ಲೇಮಶಾಕ ಎದ್ದು ನಿಂತ: "ಹಸಿವಾಗ್ತದ್ರಿ."
ಸಿದರಾಯ ಉಗುರು ಕಚ್ಚುತ್ತ ಹಾಳೆ ನೋಡಿದ:
"ಯಾವಾಗಲೂ ಅಂದ್ರ ನಿದ್ದಿ ಒಳಗಿಂದೂ ಹಿಡೀಬೇಕೇನ್ರಿ?"
ಸೂಚನೆಗಳನ್ನು ತಿರುವಿ ಹಾಕಿದೆ.
ನಿದ್ದೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ದಾನಮ್ಮ ಮಾತಾಡಿದ್ದು ಕಡೆಗೆ, ಗೋಡೆಗಾತು ಕೂತಲ್ಲಿಂದ.
ಅಥಣಿ ರೋಡಿನಲ್ಲಿ ಅವಳಪ್ಪನದು ಪಂಕ್ಚರ್ ಅಂಗಡಿ,
ಅಣ್ಣ ರೇಸಿನವನು, ನಸುಕಿನ ನಾಲ್ಕಕ್ಕೇ ರಸ್ತೆಗಿಳಿಯುವವನು.
"ಚೈನ್ ಬಿದ್ದ ಸೈಕಲ್ ಹಂಗ್ರಿ.
ನಾ ತುಳೀತೀನಿ, ತುಳೀತೀನಿ,
ಪೆಡಲ್ ತಿರಗತಾವ, ಸೈಕಲ್ ನಿಂತಲ್ಲೇ ನಿಂತಿರ್ತದ.
ಈಗ ಬೀಳ್ತೀನಿ, ಈಗ ನಗತಾರ, ಈಗ ಬೀಳ್ತೀನಿ,
ಅನ್ನೂದ್ರಾಗ ಗಂಟಿ ಹೊಡೀತದ.
ನಾ ಆಡೇ ಇರೂದಿಲ್ರಿ.
ಖರೇ, ಕಾಲು ನೋಯ್ತಾವ."

ಒಂದಕ್ಷರ ತಿದ್ದದೆ ಅದನ್ನೇ ಇಳಿಸಿಕೊಂಡೆ.

ತರ್ಜುಮೆ ನೆಟ್ಟಗಿದೆಯೋ ನೋಡಲು
ಮೂಲ ಕಾಣದ ಇನ್ನೊಬ್ಬರು
ಅದನ್ನು ತಿರುಗಿ ಇಂಗ್ಲಿಷಿಗೆ ಒಯ್ಯಬೇಕು, ಅದು ಪದ್ಧತಿ.
ಎರಡನ್ನೂ ಎದುರುಬದುರು ಇಟ್ಟ ಸಮಿತಿಯಿಂದ
ಹದಿನೈದು ದಿನಕ್ಕೆ ಬಂತು ಕೆಂಪು ಶಾಯಿ:
ಏಳರಲ್ಲಿ ಸೈಕಲ್ ಎಲ್ಲಿಂದ ಬಂತು?
ಸೈಕಲ್ಲೇ ಇಲ್ಲದ ಮಗು ಎಲ್ಲಿ ಗುರುತು ಹಾಕಬೇಕು?
ನ್ಯಾಯದ ಮಾತು. ಒಪ್ಪಿ ಬದಲಿಸಿದೆ:
"ಬೇಡವೆಂದರೂ ಅದೇ ಯೋಚನೆ
ನನ್ನ ತಲೆಯಲ್ಲಿ ಮತ್ತೆ ಮತ್ತೆ ಬರುತ್ತದೆ."
ತೊಳೆದಿಟ್ಟ ವಾಕ್ಯ.
ಯಾರ ಕಾಲೂ ನೋಯುವುದಿಲ್ಲ ಅದರಲ್ಲಿ.

ಅಚ್ಚಾದ ಹಾಳೆ ಹಂಚಿದ ದಿನ
ದಾನಮ್ಮ ಏಳನೆಯದನ್ನು ಎರಡು ಸಲ ಓದಿದಳು,
ಹಾಳೆ ಮಗುಚಿ ಹಿಂಬದಿಯನ್ನೂ ನೋಡಿದಳು,
ತನ್ನ ಮಾತು ಅಲ್ಲೆಲ್ಲೋ ಬಿದ್ದಿದ್ದೀತು ಎಂಬಂತೆ.
ಆಮೇಲೆ ಗುರುತು ಹಾಕಿದಳು,
ಮೂರನೆಯ ಚೌಕಕ್ಕೂ ನಾಲ್ಕನೆಯದಕ್ಕೂ ನಡುವಿನ ಗೆರೆಯ ಮೇಲೆ.
"ಅಕ್ಕೋರ, ನೀವು ತುಂಬೀರೇನ್ರಿ ಇದನ್ನ?"

ನನಗೆ ನಲವತ್ತೊಂದು.
ಆರನೆಯ ಇಯತ್ತೆಯಲ್ಲಿ, ಸಾಲಿನ ನಡುವೆ,
ಬೆನ್ನಿಗೆ ಕೈ ತಾಗಿ ಖೋ ಎಂದರೂ
ಏಳದೆ ಕೂತೇ ಇದ್ದ ಹುಡುಗಿ ನಾನು.
ಆ ಕೈ ಇನ್ನೂ ಅಲ್ಲೇ ಇದೆ,
ಜಂಪರಿನ ಗುಂಡಿಯಿಂದ ನಾಲ್ಕು ಬೆರಳು ಕೆಳಗೆ.
ಇವತ್ತಿಗೂ ಮೈದಾನ ದಾಟುವಾಗ
ಗೋಡೆಗುಂಟ ನಡೆಯುತ್ತೇನೆ.

"ಇಲ್ಲ" ಅಂದೆ. "ನಿನ್ನ ಪೆನ್ಸಿಲ್ ಕೊಡು."