ಸೊನ್ನೆಯ ತಂತಿ

ದಕ್ಕೆಯ ಹಿಂದೆ, ಐಸ್ ಪ್ಲಾಂಟಿನ ಕಬ್ಬಿಣದ ಅಟ್ಟಳಿಗೆಯಲ್ಲಿ
ಗೋಣಿ ಹಾಸಿ ಮೊಣಕಾಲೂರಿದ್ದೇನೆ.
ಕೈಯಲ್ಲಿ ಮೀಟರು, ಹಲ್ಲಿನ ನಡುವೆ ಟಾರ್ಚು.
ಕೆಳಗಿನಿಂದ ಲೋಕಯ್ಯ ಕರ್ಕೇರರು:
"ಎಂತ ಮಾರಾಯ್ತಿ, ಹೊಸದು ಯಾಕೆ ಸತ್ತದ್ದು?"

ಟಾರ್ಚು ಕಚ್ಚಿಕೊಂಡು ಉತ್ತರ ಕೊಡಲಿಕ್ಕಾಗುವುದಿಲ್ಲ.

ಸತ್ತದ್ದು ಹೀಗೆ:
ಗೋಡೆಯ ಬೋರ್ಡು ಹಳೇ ಕಾಲದ್ದು,
ಹೌದು ಅನ್ನಲು ಅದಕ್ಕೆ ಐದು ವೋಲ್ಟು ಬೇಕು.
ಉಪ್ಪುನೀರಿನ ತೊಟ್ಟಿಗಿಳಿಸಿದ ಸೆನ್ಸರು ಈಚಿನದು,
ಮೂರು ಪಾಯಿಂಟ್ ಮೂರರಲ್ಲಿ ಅದರ ಹೌದು ಮುಗಿಯುತ್ತದೆ.
ನೌಫಲ್ ಎರಡನ್ನೂ ನೇರ ಸೇರಿಸಿಬಿಟ್ಟಿದ್ದ,
ಉಳ್ಳಾಲದ ಬಸ್ಸು ತಪ್ಪೀತೆಂಬ ಅವಸರದಲ್ಲಿ.
ಹೊಗೆ ಬರಲಿಲ್ಲ. ಸಣ್ಣ ಚಿಪ್ಪುಗಳು ಗದ್ದಲವಿಲ್ಲದೆ ಸಾಯುತ್ತವೆ,
ಮುಟ್ಟಿದ ಬೆರಳಿಗೆ ಮಾತ್ರ ಜ್ವರ ಗೊತ್ತಾಗುತ್ತದೆ.

ಎರಡು ರೆಸಿಸ್ಟರಿಟ್ಟು ಐದನ್ನು ಹಂಚಿ ಇಳಿಸಬಹುದಿತ್ತು;
ಮೇಲಿನವರ ಮಾತನ್ನು ತಗ್ಗಿಸಿ ಕೆಳಗೆ ಮುಟ್ಟಿಸುವುದು
ಎಷ್ಟರ ಕೆಲಸ?
ಆದರೆ ಇಲ್ಲಿ ಇರುವುದೊಂದೇ ತಂತಿ,
ಕೇಳುವುದೂ ಅದರಲ್ಲೇ, ಹೇಳುವುದೂ.

ಆದ್ದರಿಂದ ಮಾಸ್ಫೆಟ್ಟು. ಮೆಂತೆಕಾಳಿನಷ್ಟು, ಮೂರು ಕಾಲು.
ಗೇಟನ್ನು ಮೂರು ಪಾಯಿಂಟ್ ಮೂರಕ್ಕೆ ಕಟ್ಟಿದೆ,
ಆಚೆ ಒಂದು ರೆಸಿಸ್ಟರು, ಈಚೆ ಒಂದು.
ಮಾತಾಡುವವರು ಇಲ್ಲಿ ಯಾರನ್ನೂ ಎತ್ತುವುದಿಲ್ಲ.
ಸೊನ್ನೆಗೆ ಜಗ್ಗುತ್ತಾರೆ, ಬಿಡುತ್ತಾರೆ, ಅಷ್ಟೇ.
ಬಿಟ್ಟಾಗ ಐದರದ್ದು ಐದಕ್ಕೆ, ಮೂರರದ್ದು ಮೂರಕ್ಕೆ
ತಂತಮ್ಮ ಮಾಡಿನ ಎತ್ತರಕ್ಕೆ ಏರಿ ನಿಲ್ಲುತ್ತವೆ,
ನಡುವಿನ ಬಾಗಿಲು ಮುಚ್ಚಿರುತ್ತದೆ.
ಕೆಳಗಿನದು ಜಗ್ಗಿದರೆ ಬಾಗಿಲು ತೆರೆದು ಮೇಲಿನದೂ ಜಾರುತ್ತದೆ.
ಮೇಲಿನದು ಜಗ್ಗಿದರೆ
ಡಯೋಡಿನ ಸಂದಿಯಲ್ಲಿ ಮೊದಲು ಸುದ್ದಿ ನುಸುಳುತ್ತದೆ,
ಬಾಗಿಲು ತೆರೆಯುವುದು ಆಮೇಲೆ.

ಬೆಸುಗೆ ಆರಿತು. ಸ್ವಿಚ್ಚು ಹಾಕಿದೆ.
ಬೋರ್ಡು ಹೇಳಿತು: ಎಂಬತ್ತೈದು.
ಆಮೇಲೆ ಒಂದು ಗೀಟು. ಮತ್ತೆ ಎಂಬತ್ತೈದು.
"ಓ, ಚಾ ಮಾಡುವ ಹಾಗಾದರೆ," ಅಂದರು ಕರ್ಕೇರರು
ಐಸ್ ಗಡ್ಡೆಯ ಮೇಲೆ ಕೈಯಿಟ್ಟು.

ತಂತಿ ಉದ್ದವಾಯಿತೇನೋ, ಹತ್ತು ಕಿಲೋ ಓಮಿಗೆ
ಎತ್ತಲು ಏದುಸಿರು ಬರುತ್ತಿದೆಯೇನೋ ಎಂದು
ಎರಡೂ ರೆಸಿಸ್ಟರು ಕಿತ್ತು ಸಣ್ಣದಿಟ್ಟೆ.
ಎಂಬತ್ತೈದು.
ಬೋರ್ಡಿಗೆ ಬೈದೆ. ನೌಫಲನಿಗೆ ಬೈದೆ, ತುಳುವಿನಲ್ಲಿ.
ಅವನು ಬ್ಯಾರಿಯಲ್ಲಿ ಗೊಣಗಿದ, ಅರ್ಥವಾಯಿತು,
ಆಗದವಳಂತೆ ಸ್ಕ್ರೂ ಹುಡುಕಿದೆ.

ಸಂಜೆ, ಬಂದರಿನ ದೀಪ ಹತ್ತುವ ಹೊತ್ತಿಗೆ, ಕಂಡಿತು:
ಬೋರ್ಡಿಗೊಂದು ಅಡಾಪ್ಟರು, ಸೆನ್ಸರಿಗೊಂದು.
ಎರಡಕ್ಕೂ ಅವರವರ ಸೊನ್ನೆ.
ಇದರ ಸೊನ್ನೆ ಅದರ ಸೊನ್ನೆಯನ್ನು ಕಂಡೇ ಇಲ್ಲ.
ಐದೆಂದರೆ ಎಲ್ಲಿಂದ ಐದು? ಮೂರೆಂದರೆ ಎಲ್ಲಿಂದ?
ಇಡೀ ದಿನ ನಾನು ಎತ್ತರಗಳನ್ನೇ ಅಳೆಯುತ್ತಿದ್ದೆ.

ಒಂದು ಗೇಣು ಕಪ್ಪು ತಂತಿ.
ಹಲ್ಲಿನಿಂದ ಸುಲಿದು, ಹುರಿಮಾಡಿ, ಅದುಮಿದೆ.

ಮೈನಸ್ ಒಂಬತ್ತು.

ಕರ್ಕೇರರು ಏನೂ ಅನ್ನಲಿಲ್ಲ. ಬಿಲ್ಲು ಮಾತ್ರ
ಎರಡು ಸಲ ಓದಿದರು. "ತಂತಿಗೆ ಎಷ್ಟು ಹಾಕಿದ್ದೀ?"
ಅದಕ್ಕೆ ಹಾಕಲಿಲ್ಲ, ಅಂದೆ.

ಹೊರಗೆ ಇಳಿತ.
ಮಧ್ಯಾಹ್ನ ದಕ್ಕೆಗೆ ಸಮನಾಗಿದ್ದ ಬೋಟು
ಒಂದು ಮೊಳ ಕೆಳಗೆ ಹೋಗಿದೆ, ಹಲಗೆ ವಾಲಿದೆ.
ತಲೆಯ ಮೇಲೆ ಬಂಗುಡೆಯ ಬುಟ್ಟಿ ಹೊತ್ತವಳು
ಹಲಗೆಯ ಕಡೆ ನೋಡದೆ ಹತ್ತಿ ಬರುತ್ತಾಳೆ,
ಜೊತೆಯವಳೊಡನೆ ಯಾವುದೋ ಮದುವೆಯ ಮಾತು ಬಿಡದೆ.