ದಿನ ಬಿಟ್ಟು ದಿನ

ಬೆಣ್ಣೆಗೂ ಉಪ್ಪುಮೀನಿನ ಭರಣಿಗೂ ನಡುವೆ
ಫ್ರಿಜ್ಜಿನ ಬಾಗಿಲಲ್ಲಿ ನನ್ನ ಔಷಧಿ.
ಪೆನ್ನಿನ ಹಾಗಿದೆ. ತುದಿ ತಿರುಗಿಸಿದರೆ
ಟಕ್ಕೆಂದು ಅಂಕಿ ಕೂರುತ್ತದೆ: ನೂರೈವತ್ತು.
ಇದರಲ್ಲಿ ಏನು ಬರೆಯುತ್ತೀಯ, ಕೇಳಿದ್ದಳು ನಿವೆಸ್, ಮೊದಲ ದಿನ.
ಹೊಕ್ಕುಳಿಂದ ಮೂರು ಬೆರಳಾಚೆ
ಚರ್ಮ ಚಿವುಟಿ ಹಿಡಿದು, ಚುಚ್ಚಿ, ಹತ್ತು ಎಣಿಸಬೇಕು.
ನಾನು ಏಳಕ್ಕೇ ಕಿತ್ತುಬಿಡುತ್ತೇನೆ. ಬೈಯುತ್ತಾಳೆ.

ಫೆರಾರಾದ ಡಾಕ್ಟರು ಎಲ್ಲ ಅಳೆದರು:
ರಕ್ತ, ನರ, ವರ್ಣತಂತು, ನನ್ನ ಸಿಗರೇಟು,
ಎಂಟನೇ ವಯಸ್ಸಿನ ಮಂಗನಬಾವು ಕೂಡ.
ಕೊನೆಗೆ ಕನ್ನಡಕ ತೆಗೆದು, ಕಾರಣ ಗೊತ್ತಿಲ್ಲ ಎಂದರು.
ಅದಕ್ಕೊಂದು ಗ್ರೀಕ್ ಹೆಸರಿದೆ.
ಗೊತ್ತಿಲ್ಲ ಎನ್ನುವುದಕ್ಕೆ ಅಷ್ಟುದ್ದದ ಹೆಸರು!

ನಾನು ಗೋರೊದವನು. ಕೆಸರಿನವನು.
ಕೊಲ್ಲಿಯ ತಳಕ್ಕೆ ಅಕ್ಕಿಕಾಳಿನಷ್ಟು ಚಿಪ್ಪುಮರಿ ಬಿತ್ತಿ
ಕಾಯುವುದು ನನ್ನ ಕಸುಬು.
ಆ ವರ್ಷ ನೀಲಿ ಏಡಿ ಬಂತು.
ಬಲೆ ಎತ್ತಿದರೆ ಬರೀ ಒಡಕು,
ಉಳಿದದ್ದು ನೂರಕ್ಕೆ ನಾಲ್ಕು.
ಆದರೂ ಅದನ್ನು ಹಿಡಿದು, ಬಾಯ್ತುಂಬ ಬೈದು,
ಸಿಟ್ಟಿಗೆ ಕುದಿಸಿ ತಿಂದದ್ದುಂಟು.
ಅಲ್ಲಿ ಕಾರಣಕ್ಕೆ ಹತ್ತು ಕಾಲಿತ್ತು, ಇಕ್ಕಳದ ಕೈಯಿತ್ತು.
ಇಲ್ಲಿ ಯಾರನ್ನು ಕುದಿಸಲಿ?

ಔಷಧಿಯಂಗಡಿಯ ಮುದುಕ ಎಲಿಯೊ, ತಗ್ಗಿದ ದನಿಯಲ್ಲಿ:
ಈಗಿನದು ಪ್ರಯೋಗಶಾಲೆಯದ್ದು ಕಣಯ್ಯಾ.
ಹಿಂದೆ ಇಂಥದ್ದನ್ನು ಮುಟ್ಟು ನಿಂತ ಸನ್ಯಾಸಿನಿಯರ
ಮೂತ್ರದಿಂದ ತೆಗೆಯುತ್ತಿದ್ದರು.
ಕನ್ಯಾಮಠದ ಬಾಗಿಲಿಗೇ ಟ್ಯಾಂಕರು ಹೋಗುತ್ತಿತ್ತಂತೆ.
ಮನೆಗೆ ಬಂದು ಹೇಳಿದೆ. ನಿವೆಸ್ ನಕ್ಕಳು,
ಈ ಚಳಿಗಾಲದಲ್ಲಿ ಮೊದಲ ಸಲ, ಸೊಂಟ ಹಿಡಿದುಕೊಂಡು.
ನನಗೆ ಮಾತ್ರ ನೆನಪಾದವಳು ಅಜ್ಜಿಯ ತಂಗಿ, ಸಿಸ್ಟರ್ ಎಡ್ವಿಜೆ,
ಹದಿನೇಳಕ್ಕೇ ಮಠ ಸೇರಿದವಳು,
ಎತ್ತಿಕೊಂಡ ಕೂಸನ್ನು ಕೆಳಗಿಳಿಸಲು ಬಾರದವಳು.
ಅವಳೂ ಕೊಟ್ಟಿರಬಹುದೇ ತನ್ನ ಪಾಲು,
ನಸುಕಿನಲ್ಲಿ, ಪ್ರಾರ್ಥನೆಯ ಗಂಟೆಗೆ ಮುಂಚೆ,
ಯಾರಿಗೆಂದು ಕೇಳದೆ?

ಒಂದು ಬೀಜಕ್ಕೆ ಬಾಲ ಮೂಡಿ ಹೊರಡಲು
ಎಪ್ಪತ್ತಕ್ಕೂ ಮೇಲೆ ದಿನ ಬೇಕಂತೆ.
ಆಮೇಲೂ ಆಗಬಹುದು, ಆಗದೆಯೂ ಇರಬಹುದು.
ಇವತ್ತು ಅರವತ್ತೊಂದು.

ಫೋನಿನಲ್ಲಿ ಅಮ್ಮ. ಹವೆ, ಮಂಡಿನೋವು, ಏಡಿಯ ಪರಿಹಾರದ ಅರ್ಜಿ,
ಮತ್ತೆ ಅದೇ ಮಾತು, ನಿವೆಸ್‌ಳನ್ನು
ಯಾರಾದರೂ ಒಳ್ಳೇ ಡಾಕ್ಟರಿಗೆ ತೋರಿಸಬಾರದೇನೋ ಒರೆಸ್ತೆ.
ನಾನು ಅಂಗಿ ಎತ್ತಿ ನಿಂತಿದ್ದೆ,
ಸೂಜಿ ಇನ್ನೂ ಒಳಗಿತ್ತು.
ಔಷಧಿ ನಡೀತಿರೋದು ನನಗೆ ಕಣಮ್ಮಾ, ಅಂದೆ.

ಆ ಕಡೆಯಿಂದ ಸದ್ದಿಲ್ಲ.
ಇಳಿತ ಮುಗಿದು ಭರತ ಶುರುವಾಗುವ ಮುಂಚೆ
ಕೊಲ್ಲಿ ಹೀಗೇ ನಿಲ್ಲುತ್ತದೆ.
ನಿವೆಸ್ ಎಣಿಸುತ್ತಲೇ ಇದ್ದಳು:
ಎಂಟು. ಒಂಬತ್ತು.